ನಮ್ಮ ಭಾವನ ಪಂಕ ಪಾರಾಯಣ

ನಮ್ಮ ಭಾವ ಪೂರ್ತಿ ಎಚ್ಚರವಾಗಿದ್ದದ್ದನ್ನು ಕಣ್ಣಾರೆ ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ! ಅರ್ಧಂಬರ್ಧ ಎಚ್ಚರ ಕಂಡವರು ಇದ್ದಾರೆ. ನನ್ನ ಅಕ್ಕ ಅವರಲ್ಲಿ ಮೊದಲನೆಯವಳು. ಮೈಸೂರಿನ ಛತ್ರದಲ್ಲಿ ಮದುವೆಯ ದಿನ ಅಂತರಪಟ ಸರಿದಾಗ ಅಕ್ಕ ನಾಚಿಕೊಂಡು ತಲೆಯೆತ್ತಿ ನೋಡಿದರೆ, ವರಮಹಾಶಯರು ಜೀರಿಗೆ ಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ತೂಕಡಿಸುತ್ತಿದ್ದರು. ಅಕ್ಕ ಸಿಟ್ಟಿನಿಂದ ತನ್ನ ಪಾಲಿನ ಜೀರಿಗೆ ಬೆಲ್ಲವನ್ನು ಅವರ ತಲೆಯ ಮೇಲೆ ಎಸೆದಳು. ಭಾವ ಕಣ್ಣು ಬಿಟ್ಟು, ತಲೆ ಸವರಿಕೊಂಡು, "ಹನೀತಾ ಇದೆಯಾ?" ಎಂದು ಪುರೋಹಿತರನ್ನು ಕೇಳಿದರು.

ಇದೇನಾದರೂ ಕಾಯಿಲೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದವಳೇ. ನಾನು ಅರಿವಳಿಕೆ ಡಾಕ್ಟರು. ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಮನೆ, ಜನರನ್ನು ಮಲಗಿಸುವುದು ಹೊಟ್ಟೆಪಾಡು. ಒಬ್ಬ ಮನುಷ್ಯನನ್ನು ಮಲಗಿಸಲು ನನಗೆ ಎಷ್ಟು ಔಷಧಿ, ಎಷ್ಟು ಯಂತ್ರ, ಎಷ್ಟು ಜನ ಬೇಕು! ನಮ್ಮ ಭಾವನಿಗೆ ಬೇಕಾದದ್ದು ಒಂದು ಕುರ್ಚಿ ಮಾತ್ರ. ಹೊಟ್ಟೆಕಿಚ್ಚಿನಿಂದಲೇ ಅವರನ್ನು ನಿದ್ದೆಯ ಪರೀಕ್ಷೆಗೆ ಕಳಿಸಿದೆ. ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ದೋಷ ಏನೇನೂ ಇಲ್ಲ ಎಂದು ರಿಪೋರ್ಟು ಬಂತು. ಇಷ್ಟು ಚೆನ್ನಾಗಿ ನಿದ್ದೆ ಮಾಡುವವರನ್ನು ತಾನು ಕಂಡೇ ಇಲ್ಲವೆಂದು ಅಲ್ಲಿನ ಟೆಕ್ನಿಶಿಯನ್ ಹೇಳಿದನಂತೆ. ಭಾವ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅವರ ಉದ್ಯೋಗವನ್ನು ಕೇಳಿದರೆ ನೀವು ನಗುತ್ತೀರಿ. ಡೆಟ್ರಾಯಿಟ್ ಹತ್ತಿರದ ವಾರೆನ್‌ನಲ್ಲಿ ಅವರು ಕಾರಿನ ಸೀಟು ಡಿಸೈನ್ ಮಾಡುವ ಇಂಜಿನಿಯರು! ಬೆಕ್ಕನ್ನು ಹಾಲಿನ ಡೈರಿಗೆ ಮ್ಯಾನೇಜರ್ ಮಾಡಿದ ಹಾಗೆ. ಸೀಟು ಹೇಗಿದೆ ಎಂದು ಮೇಲಿನವರು ಕೇಳಿದರೆ ಇವರು ಅದರಲ್ಲಿ ಕೂತು ತೋರಿಸುತ್ತಿದ್ದರು. ಎರಡು ನಿಮಿಷದಲ್ಲಿ ಗೊರಕೆ ಬಂದರೆ ಸೀಟು ಪಾಸು. ಅವರ ಕಾರಿನಲ್ಲಿ ಇದ್ದದ್ದೂ ಅವರೇ ಡಿಸೈನ್ ಮಾಡಿದ ಸೀಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ರಿಸೆಷನ್ ಬಂತು. ಆಗ ಡೆಟ್ರಾಯಿಟ್ ಕಡೆಯ ಕನ್ನಡಿಗರು ಒಬ್ಬರಿಗೊಬ್ಬರು ಫೋನ್ ಮಾಡಿದರೆ "ಹೇಗಿದೀರಾ?" ಎಂದು ಕೇಳುತ್ತಿರಲಿಲ್ಲ. "ಇದೆಯಾ?" ಎಂದು ಕೇಳುತ್ತಿದ್ದರು. ಏನು ಇದೆಯಾ ಎಂದು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಒಂದು ದಿನ ನಮ್ಮ ಭಾವನದೂ ಇಲ್ಲವಾಯಿತು. ಆಫೀಸಿನಲ್ಲಿ ಕೈಗೊಂದು ರಟ್ಟಿನ ಡಬ್ಬ ಕೊಟ್ಟು, ಸಾಮಾನು ತುಂಬಿಕೊಳ್ಳಿ ಎಂದರಂತೆ. ಪಕ್ಕದ ಸೀಟಿನವನಿಗೂ ಅದೇ ದಿನ, ಅದೇ ಥರದ ಡಬ್ಬ. ಇಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಡಬ್ಬಗಳನ್ನು ಕೆಳಗಿಟ್ಟು ಅಪ್ಪಿಕೊಂಡು, ಮಾತಾಡಿ, ಮತ್ತೆ ಅಪ್ಪಿಕೊಂಡು, ಒಬ್ಬರ ಡಬ್ಬ ಒಬ್ಬರು ಎತ್ತಿಕೊಂಡು ಮನೆಗೆ ಬಂದರು!

ಆ ಗೆಳೆಯನಿಗೆ ಹೋದದ್ದು ಭಾವನ ಹಿತ್ತಾಳೆ ಗಣಪತಿ, ಅರ್ಧ ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ, ಮತ್ತು ಆಫೀಸಿನ ಮೇಜಿನ ಕೆಳಗೆ ಇಟ್ಟುಕೊಂಡಿದ್ದ ಪುಟ್ಟ ದಿಂಬು. ಭಾವನಿಗೆ ಬಂದದ್ದು ಡಬ್ಬದ ತುಂಬ ಸಿ.ಡಿ.ಗಳು. ಎಲ್ಲವೂ ಒಬ್ಬನೇ ಗಾಯಕನವು. ಫೋನ್ ಮಾಡಿದರೆ ಗೆಳೆಯ, ತಾನು ಟೆನೆಸಿಯಲ್ಲಿರುವ ತನ್ನ ಅಕ್ಕನ ಮನೆಗೆ ಹೊರಟಾಯಿತು, ದಿಂಬು ಬಹಳ ಚೆನ್ನಾಗಿದೆ, ಸಿ.ಡಿ. ನೀನೇ ಇಟ್ಟುಕೋ ಎಂದನಂತೆ. ಒಂದೇ ಷರತ್ತು. ಕೇಳಿದರೆ ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಹಾರಿಸದೆ ಕೇಳಬೇಕು. ಭಾವ "ಆಗಲಿ" ಎಂದು ಡಬ್ಬವನ್ನು ಗರಾಜಿನ ಮೂಲೆಗೆ ತಳ್ಳಿ, ಅದನ್ನು ಮರೆತು, ಮಲಗಿದರು.

ಕೆಲವು ತಿಂಗಳ ಮೇಲೆ ಅವರಿಗೆ ಕೆಲಸ ಸಿಕ್ಕಿತು, ಆದರೆ ಸಿಕ್ಕಿದ್ದು ನಮ್ಮ ಶಿಕಾಗೋ ಕಡೆ. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಆಫೀಸು ಕುರ್ಚಿ ಮಾಡುವ ಒಂದು ಕಂಪನಿ, ಬರೀ ಕಾಂಟ್ರಾಕ್ಟು. ಅಕ್ಕ ವಾರೆನ್ ಬಿಟ್ಟು ಏಳುವ ಹಾಗಿರಲಿಲ್ಲ. ಮನೆ ಮಾರೋಣವೆಂದರೆ ಆ ಬೀದಿಯಲ್ಲಿ ಮನೆಗೊಂದು ಮಾರಾಟದ ಬೋರ್ಡು. ಮಗಳು ಪುಟ್ಟಿಗೆ ಹೈಸ್ಕೂಲು. ಹಾಗಾಗಿ ಭಾವ ವಾರವೆಲ್ಲ ನಮ್ಮ ಬೇಸ್‌ಮೆಂಟಿನಲ್ಲಿ, ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ತಮ್ಮ ಮನೆಯಲ್ಲಿ. ನಡುವೆ ಮುನ್ನೂರು ಮೈಲಿಗೆ ಹತ್ತಿರ ಹೈವೇ. ಅದೂ ಭಾನುವಾರ, ಅಕ್ಕನ ಕೈಯ ಬಿಸಿಬೇಳೆ ಬಾತು ಉಂಡು! ಬಿಸಿಬೇಳೆ ಬಾತು ಉಂಡ ಮೇಲೆ ಮೈಸೂರಿನವನಾದವನು ಮಾಡಬೇಕಾದ ಕೆಲಸ ಒಂದೇ. ಅದನ್ನು ಸ್ಟಿಯರಿಂಗ್ ಹಿಡಿದುಕೊಂಡು ಮಾಡಲು ಬರುವುದಿಲ್ಲ. ಸೀಟು ಬೇರೆ ಅವರೇ ಮಾಡಿದ್ದು.

ಅಕ್ಕನ ಪಾಲಿಗೆ ಭಾನುವಾರ ಎಂದರೆ ನಡುಕ. ಏನೇನು ಉಪಾಯ ಮಾಡಿದಳು! ಬಿಸಿಬೇಳೆ ಬಾತು ನಿಲ್ಲಿಸಿ ಬ್ರೆಡ್ಡು ಕೊಟ್ಟಳು. ಭಾವ ಬ್ರೆಡ್ಡಿನ ಮೇಲೂ ನಿದ್ದೆ ಮಾಡಿ ತೋರಿಸಿದರು. ಕಾರಿನಲ್ಲಿ ಭಾವಗೀತೆ ಹಾಕಿಕೊಟ್ಟಳು. ಗಂಟೆ ದೂರದ ಆನ್ ಆರ್ಬರ್ ದಾಟುವುದರೊಳಗೆ ಆಕಳಿಕೆ. ಶಾಸ್ತ್ರೀಯ ಸಂಗೀತ ಹಾಕಿದರೆ ಆಲಾಪನೆಯೇ ಜೋಗುಳ. ಕೊನೆಗೆ ತಾನೇ ಸ್ಪೀಕರಿನಲ್ಲಿ ಫೋನ್ ಹಚ್ಚಿ, ಎಚ್ಚರವಾಗಿರಲೆಂದು ಬೈಯುತ್ತಾ ಹೋದಳು. ಸಂಸಾರಸ್ಥ ಗಂಡಸಿಗೆ ಬೈಗುಳದಲ್ಲಿ ನಿದ್ದೆ ಬರುವಷ್ಟು ಇನ್ನೆಲ್ಲಿ ಬರುತ್ತದೆ ಹೇಳಿ! ಸ್ವಲ್ಪ ಕೆಲಸ ಮಾಡಿದ್ದು ಕೋಡುಬಳೆ. ಕಟುಂ ಕಟುಂ ಎಂದು ಅಗಿಯುತ್ತಿದ್ದರೆ ಕಣ್ಣು ಮುಚ್ಚುವುದಿಲ್ಲ. ಆದರೆ ಡಬ್ಬ ಎಷ್ಟೇ ದೊಡ್ಡದಿರಲಿ, ಅರ್ಧ ದಾರಿಯ ಕಲಮಜೂ ಊರು ಬರುವಷ್ಟರಲ್ಲಿ ಕೋಡುಬಳೆ ಖಾಲಿ.

ಆ ಕಲಮಜೂ ದಾಟಿದ ಮೇಲೆಯೇ ಅದು ಆಯಿತು. ಹಿಮ ಕರಗುವ ಕಾಲ. ನಮ್ಮ ಮನೆ ಮುಂದೆ ಬಂದು ನಿಂತ ಕಾರಿಗೆ ಬಾಗಿಲಿನ ಹಿಡಿಯವರೆಗೆ ಕೆಸರು ಮೆತ್ತಿತ್ತು. ಭಾವ ನಗುತ್ತಾ ಒಳಗೆ ಬಂದರು. ಊಟದ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರಿನಲ್ಲಿ ಅಕ್ಕನಿಗೂ ನಮಗೂ ಒಟ್ಟಿಗೇ ಕಥೆ ಹೇಳಿದರು.

"ಕಣ್ಣು ಬಿಟ್ಟು ನೋಡ್ತೀನಿ, ಕಾರು ಎರಡು ರಸ್ತೆ ಮಧ್ಯದ ಹುಲ್ಲಲ್ಲಿ ಹೋಗ್ತಾ ಇದೆ! ಏನ್ ಸ್ಮೂತಾಗಿ ಹೋಯ್ತು ಗೊತ್ತಾ? ಸೀಟು ಒಂಚೂರು ಅಲುಗಲಿಲ್ಲ!"

ನಾವು ಯಾರೂ ನಗಲಿಲ್ಲ.  ಆ ಕಡೆಯಿಂದ ಅಕ್ಕನ ಬದಲು ಪುಟ್ಟಿಯ ದನಿ ಬಂತು. ಇಲ್ಲಿ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಚೆನ್ನಾಗಿ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಇಂಗ್ಲಿಷೇ.

"ಡ್ಯಾಡ್, ಸ್ಟಾಪ್ ಲಾಫಿಂಗ್."

ಫೋನ್ ಕಟ್ಟಾಯಿತು. ನಾನು ದಿನಾ ಮಲಗಿದವರನ್ನು ನೋಡುವವಳು. ಅವರು ಏಳದೇ ಹೋದರೆ ಮನೆಯವರ ಮುಖ ಹೇಗಾಗುತ್ತದೆ ಎಂದೂ ಬಲ್ಲವಳು.  ಈ ಕೆಲಸವನ್ನು ಬಿಟ್ಟುಬಿಡಿ ಎಂದೆ. "ಬಿಟ್ಟು?" ಎಂದರು ಭಾವ. 

ಮುಂದಿನ ಭಾನುವಾರ ಭಾವ ಬಂದಾಗ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಆ ರಟ್ಟಿನ ಡಬ್ಬ ಕೂತಿತ್ತು. ಗರಾಜಿನಿಂದ ಹುಡುಕಿ ತೆಗೆದವಳು ಪುಟ್ಟಿ. ಅವಳು ಅಪ್ಪನಿಗೆ ಹೇಳಿದ್ದು ಇಷ್ಟೇ. ವಾರಕ್ಕೆ ಒಂದು ಆಲ್ಬಮ್. ಭಾನುವಾರ ಹೋಗುವಾಗಲೂ ಅದೇ, ಶುಕ್ರವಾರ ಬರುವಾಗಲೂ ಅದೇ. ಮುಗಿದರೆ ಮತ್ತೆ ಮೊದಲಿನಿಂದ. ತಲುಪಿದ ತಕ್ಷಣ ತಾನು ಒಂದು ಪ್ರಶ್ನೆ ಕೇಳುತ್ತೇನೆ, ನಿದ್ದೆ ಮಾಡಿದ್ದರೆ ಗೊತ್ತಾಗಿಬಿಡುತ್ತದೆ. ಪ್ರಶ್ನೆ ತಯಾರಿಸಲೆಂದು ಡಬ್ಬದಲ್ಲಿದ್ದದ್ದನ್ನೆಲ್ಲ ತನ್ನ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡೂ ಇದ್ದಳು.

ಬೇರೆ ಯಾರಾದರೂ ಆಗಿದ್ದರೆ ಸಿ.ಡಿ. ಹಾಕಿ ಕೇಳಿ ಸುಮ್ಮನಾಗುತ್ತಿದ್ದರು. ನಮ್ಮ ಭಾವ ಅದನ್ನು ಪಾರಾಯಣ ಮಾಡಿದರು! ಪಾರಾಯಣವೆಂದ ಮೇಲೆ ನೇಮ ಬೇಡವೇ? ಸ್ನಾನ ಮಾಡದೆ ಸಿ.ಡಿ. ಮುಟ್ಟುವ ಹಾಗಿಲ್ಲ. ಅಧ್ಯಾಯ ಹಾರಿಸುವ ಹಾಗಿಲ್ಲ. ಟೋಲ್ ಬೂತಿನಲ್ಲಿ ಚಿಲ್ಲರೆ ಎಸೆಯುವಾಗ ಮನಸ್ಸು ಆ ಕಡೆ ಹೋಯಿತೋ, ಆ ಹಾಡು ಮತ್ತೆ ಮೊದಲಿನಿಂದ. ನಡುವೆ ನಿಲ್ಲಿಸಿದರಂತೂ ದೋಷ. ನಮ್ಮ ಡ್ರೈವ್‌ವೇಗೆ ಬಂದ ಮೇಲೂ ಹಾಡು ಮುಗಿಯುವವರೆಗೆ ಕಾರಿನಲ್ಲೇ ಕೂತಿರುತ್ತಿದ್ದರು. ಒಂದು ಸಲ ಎದುರುಮನೆಯ ಮುದುಕಿ ಬಂದು, ನಿಮ್ಮ ಅತಿಥಿ ಕಾರಿನಲ್ಲಿ ಒಬ್ಬರೇ ತಲೆ ಕುಣಿಸುತ್ತಿದ್ದಾರೆ, ಆಂಬ್ಯುಲೆನ್ಸಿಗೆ ಹೇಳಲೇ ಎಂದು ಕೇಳಿದಳು.

ಆ ಸಂಗೀತಗಾರ ಯಾರು ಎಂದೇ? ಹೆಸರು ಬೇಡ. ಅವರ ಅಭಿಮಾನಿಗಳು ನಮ್ಮ ಸಿನಿಮಾ ನಟರ ಅಭಿಮಾನಿಗಳಿಗಿಂತ ಜೋರು. ವಾದ್ಯಗಳನ್ನೆಲ್ಲ ಅವರೇ ನುಡಿಸಿ, ಅವರೇ ಹಾಡಿ, ನಡುವೆ ಅವರೇ "ಆಹಾ" ಎಂದುಕೊಳ್ಳುತ್ತಾರೆ ಎಂದಷ್ಟೇ ಹೇಳಬಲ್ಲೆ. ಮತ್ತು ಆ ಮನುಷ್ಯನಿಗೆ ಸುಮ್ಮನಿರುವುದು ಗೊತ್ತೇ ಇಲ್ಲ. ನಾವು ಹಪ್ಪಳ ಮಾಡುವ ವೇಗದಲ್ಲಿ ಅವರು ಆಲ್ಬಮ್ ಮಾಡಿದ್ದಾರೆ.

ವಾರದ ದಿನಗಳಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಪರೀಕ್ಷೆಗೆ ರಿವಿಷನ್ ನಡೆಯುತ್ತಿತ್ತು. ಕೆಳಗಿನಿಂದ ಧಿಮ್ ಧಿಮ್ ಎಂದು ಎದ್ದು ಬಂದು ಅಡಿಗೆಮನೆಯ ಸ್ಟೀಲ್ ಲೋಟಗಳನ್ನು ನಡುಗಿಸುತ್ತಿತ್ತು. ನನ್ನ ಗಂಡ ಧಾರವಾಡದವರು, ಬಾಯಿಗೆ ಬಂದದ್ದನ್ನು ಆಡಿಬಿಡುವವರು. ಒಂದು ದಿನ ಮೆಟ್ಟಿಲ ಮೇಲೆ ನಿಂತು ಕೂಗಿದರು.

"ಇದೇನ್ರೀ ಅಣ್ಣಾರ, ಹಾಡೋ ಏನ್ ಹಿಟ್ಟಿನ ಗಿರಣಿನೋ?"

"ಇದು ಇಲ್ಲಿಯವರ ಕುಣಿಸೋ ಸಂಗೀತ, ಫಂಕ್ ಅಂತಾರೆ ಕಣ್ರೀ."

"ಪಂಖಾ? ಅಂದ್ರ ಫ್ಯಾನ್ ಏನ್ರೀ?"

"ಪಂಖಾ ಅಲ್ರೀ, ಪಂಕ. ಪಂಕ ಅಂದ್ರೆ ಕೆಸರು. ಮೊದಲನೇ ಸಲ ಕೇಳಿದ್ರೆ ಬರೀ ಕೆಸರು ಅನ್ಸತ್ತೆ. ಬಿಡದೆ ಕೇಳ್ತಾ ಇದ್ರೆ ಆ ಪಂಕದಲ್ಲೇ ಪಂಕಜ ಅರಳತ್ತೆ!"

"ನೀವು ಹುಲ್ಲಿನ್ಯಾಗ ಕಾರು ಹೊಡದ ದಿವಸನೂ ಪಂಕನ ಇತ್ತಲ್ರೀ, ಬಾಗಿಲ ತನಕಾ," ಎಂದರು ನಮ್ಮವರು. ಭಾವ ಕೇಳಿಸದವರಂತೆ ವಾಲ್ಯೂಮ್ ಹೆಚ್ಚಿಸಿದರು.

ಹಾಡುಗಳ ಅರ್ಥ ಕೇಳಿದರೆ ಮಾತ್ರ ಸ್ವಲ್ಪ ಮುಜುಗರವಾಗುವಂಥದ್ದು. ಅಕ್ಕ ಒಮ್ಮೆ ಕಿವಿಗೊಟ್ಟು ಕೇಳಿ, "ರೀ, ಇವನು ಆ ಹುಡುಗೀನ ಏನು ಕೇಳ್ತಿದಾನೆ?" ಎಂದಳು. ಭಾವ ಗಂಭೀರವಾಗಿ, "ನಮ್ಮಲ್ಲಿ ಜಾವಳಿ ಇಲ್ವಾ? ನೀನು ಸ್ಕೂಲ್ ಡೇಲಿ ಕುಣಿದಿದ್ದು ಅದಕ್ಕೇ ಅಲ್ವಾ? ಅದರ ಅರ್ಥ ಯಾರಾದ್ರೂ ಕೇಳಿದ್ರಾ?" ಎಂದರು. ಅಕ್ಕ ಆಮೇಲೆ ಆ ವಿಷಯವನ್ನು ಎತ್ತಲಿಲ್ಲ.

ಆದರೆ ಭಾವನಿಗೆ ನಿದ್ದೆ ಬಾರದಂತೆ ಮಾಡಿದ್ದು ಅರ್ಥವಲ್ಲ, ತಾಳ. ಅವರು ಚಿಕ್ಕಂದಿನಲ್ಲಿ ಮೃದಂಗ ಕಲಿತು, ನುಡಿಸುತ್ತಲೇ ನಿದ್ದೆಹೋಗಿ, ಮೇಷ್ಟ್ರು ಬೇಡವೆಂದ ಮೇಲೆ ಬಿಟ್ಟವರು. ಆ ಹಳೆಯ ಬೆರಳುಗಳು ಈಗ ಎದ್ದು ಕೂತವು. "ಇವನದೆಲ್ಲಾ ಸಮದ ಮೇಲೆ ಕಣಮ್ಮ," ಎಂದು ನನಗೆ ಪಾಠ ಹೇಳುತ್ತಿದ್ದರು. ಸಮ ಎಂದರೆ ತಾಳದ ಮೊದಲ ಪೆಟ್ಟು. "ಮಧ್ಯೆ ಎಲ್ಲೆಲ್ಲೋ ಅಲೀತಾನೆ. ಕಳೆದೇ ಹೋದ ಅನ್ಸತ್ತೆ. ಆದ್ರೆ ಸಮಕ್ಕೆ ಸರಿಯಾಗಿ ಬಂದು ಬೀಳ್ತಾನೆ ನೋಡು, ಧಿಮ್! ಬರ್ತಾನೋ ಇಲ್ವೋ ಅಂತ ಕಾಯ್ತಾ ಕೂತ್ರೆ ನಿದ್ದೆ ಎಲ್ಲಿಂದ ಬರತ್ತೆ?"

ಸ್ಟಿಯರಿಂಗಿಗೆ ಒಂದು ಕೈ, ತಾಳಕ್ಕೆ ಒಂದು ಕೈ. ತೊಡೆಗೆ ಪೆಟ್ಟು, ಬೆರಳೆಣಿಕೆ, ಮತ್ತೆ ಪೆಟ್ಟು, ಅಂಗೈ ಮೇಲೆ ಮಾಡಿ ಬೀಸು. ಪಕ್ಕದ ಲೇನಿನಲ್ಲಿ ಹೋಗುವವರಿಗೆ ಇದು ಹೇಗೆ ಕಾಣಬೇಕು? ಒಂದು ಶುಕ್ರವಾರ ಜ್ಯಾಕ್ಸನ್ ಊರಿನ ಹತ್ತಿರ ಪೊಲೀಸು ಹಿಂದೆ ಬಂದು ದೀಪ ಹಾಕಿಯೇಬಿಟ್ಟ. ಕುಡಿದಿದ್ದೀರಾ ಎಂದ. "ಬರೀ ಮಜ್ಜಿಗೆ," ಎಂದರು ಭಾವ, ಇಂಗ್ಲಿಷಿನಲ್ಲಿ. ಅದು ಅವನಿಗೆ ಯಾವುದೋ ಹೊಸ ಮದ್ಯದ ಹೆಸರಿನಂತೆ ಕೇಳಿಸಿರಬೇಕು, ಕೆಳಗಿಳಿಯಲು ಹೇಳಿದ.

ಇಲ್ಲಿ ಕುಡಿದವರನ್ನು ಹಿಡಿಯಲು ಒಂದು ಪರೀಕ್ಷೆ ಇದೆ. ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ತಾಗಿಸುತ್ತ, ಒಂದರಿಂದ ನಾಲ್ಕು ಎಣಿಸಿ, ತಿರುಗಿ ನಾಲ್ಕರಿಂದ ಒಂದಕ್ಕೆ ಬರಬೇಕು. ಅಯ್ಯೋ ದೇವರೇ, ಬೆರಳೆಣಿಸು ಎಂದು ಮೃದಂಗ ಕಲಿತವನಿಗೆ ಹೇಳುವುದೇ! ಭಾವ ಮೊದಲನೇ ಕಾಲದಲ್ಲಿ ಎಣಿಸಿದರು. ಪೊಲೀಸು ಸಾಕು ಎಂದ. ಭಾವ ಎರಡನೇ ಕಾಲದಲ್ಲಿ ದುಪ್ಪಟ್ಟು ವೇಗವಾಗಿ ಎಣಿಸಿದರು. ಸಾಕು ಸರ್ ಎಂದ. ಮೂರನೇ ಕಾಲದಲ್ಲಿ ಬೆರಳೇ ಕಾಣದ ಹಾಗೆ ಎಣಿಸಿ, ಎಡಗೈಯಲ್ಲೂ ಬರುತ್ತದೆ ಎಂದು ಎಡಗೈ ಎತ್ತಿದರು. ಪೊಲೀಸು ಕೈಮುಗಿಯುವುದೊಂದು ಬಾಕಿ. ದಯವಿಟ್ಟು ಮನೆಗೆ ಹೋಗಿ ಎಂದು ಕಳಿಸಿದನಂತೆ. ಅವನ ಗಾಡಿಯಲ್ಲಿದ್ದ ಕ್ಯಾಮೆರಾದಲ್ಲಿ ಈ ಕಛೇರಿ ರೆಕಾರ್ಡ್ ಆಗಿರಬಹುದು ಎಂಬ ಆಸೆ ಭಾವನಿಗೆ ಇವತ್ತಿಗೂ ಇದೆ.

ಪುಟ್ಟಿಯ ಪರೀಕ್ಷೆಯಲ್ಲಿ ಮಾತ್ರ ಇಂಥ ಕರಾಮತ್ತು ನಡೆಯುತ್ತಿರಲಿಲ್ಲ. ಭಾನುವಾರ ಸಂಜೆ ನಮ್ಮ ಮನೆ ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ ಫೋನ್ ಮಾಡಬೇಕು. ಆ ಕಡೆ ಮೊದಲ ಗಂಟೆ ಮುಗಿಯುವುದರೊಳಗೆ ಅವಳು ಎತ್ತುತ್ತಿದ್ದಳು. ಹಲೋ ಇಲ್ಲ, ಹೇಗಿದೀಯಾ ಇಲ್ಲ, ನೇರ ಪ್ರಶ್ನೆ. ಐದನೇ ಹಾಡಿನಲ್ಲಿ ಚಪ್ಪಾಳೆ ಆದ ಮೇಲೆ ಯಾವ ವಾದ್ಯ ಬರುತ್ತದೆ? ಕೊನೆಯ ಹಾಡಿನಲ್ಲಿ ನಗುವುದು ಗಂಡಸೋ ಹೆಂಗಸೋ? ಭಾವ ಕಣ್ಣು ಮುಚ್ಚಿ, ತೊಡೆ ತಟ್ಟಿ, ನೆನಪು ಮಾಡಿಕೊಂಡು ಹೇಳುವರು. "ಓಕೆ, ಗುಡ್ ನೈಟ್," ಎಂದು ಅವಳು ಇಟ್ಟುಬಿಡುವಳು. ಇದೆಂಥ ಹುಡುಗಿಯಪ್ಪಾ, ಅಪ್ಪನ ಜೊತೆ ಎರಡು ಒಳ್ಳೆಯ ಮಾತು ಆಡಬಾರದೇ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಆಯುಧಪೂಜೆಯ ವಾರ ದೊಡ್ಡ ಗಂಡಾಂತರ ಬಂತು. ಅಕ್ಕ ಕಾರಿಗೆ ಪೂಜೆ ಮಾಡಿದಳು. ಚಕ್ರಕ್ಕೆ ನಿಂಬೆಹಣ್ಣು, ಗಾಜಿಗೆ ಗಂಧ, ಸ್ಟಿಯರಿಂಗಿಗೆ ಹೂವು. ಗಂಡನ ಜೀವ ಉಳಿಸುತ್ತಿರುವ ಆಯುಧ ಯಾವುದು ಎಂದು ಯೋಚಿಸಿ, ಸಿ.ಡಿ. ಡಬ್ಬಕ್ಕೂ, ಆ ವಾರದ ಸಿ.ಡಿ.ಗೂ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿದಳು. ಆ ಭಾನುವಾರ ಭಾವ ನಮ್ಮ ಮನೆಗೆ ಬಂದದ್ದೇ ಉತ್ಸಾಹದಲ್ಲಿ ಉಕ್ಕುತ್ತಾ. ಪ್ರಶ್ನೆಗೂ ಕಾಯದೆ ಫೋನಿನಲ್ಲಿ ಹೇಳಿದರು.

"ಪುಟ್ಟಿ, ಈ ಸಲದ್ದು ಅದ್ಭುತ! ನಾಲ್ಕನೇ ಹಾಡಲ್ಲಿ ಒಂದೇ ಪದ ಇಟ್ಕೊಂಡು ಬೇ ಬೇ ಬೇ ಬೇ ಬೇ ಅಂತ ಏನ್ ನೆರವಲ್ ಮಾಡಿದಾನೆ! ಒಂದೂರಿಂದ ಇನ್ನೊಂದೂರ ತನಕ ಅದೇ! ಎಂಥ ಧೈರ್ಯ!"

 ಆ ಕಡೆಯಿಂದ ಪುಟ್ಟಿಯ ಸಣ್ಣ ದನಿ. ಅಂಥದ್ದು ಆ ಹಾಡಿನಲ್ಲಿ ಇಲ್ಲವೇ ಇಲ್ಲ. ನೀನು ನಿದ್ದೆ ಮಾಡಿದ್ದೀ. ಕನಸು ಕಂಡಿದ್ದೀ.

"ದೇವರಾಣೆಗೂ ಎಚ್ಚರವಾಗಿದ್ದೆ ಪುಟ್ಟಿ!"

"ಯು ಪ್ರಾಮಿಸ್ಡ್, ಡ್ಯಾಡ್," ಎಂದಳು. ಅಳುತ್ತಿದ್ದಳು. ಈ ಹುಡುಗಿಗೆ ಅಳುವುದಕ್ಕೆ ಬರುತ್ತದೆ ಎಂದು ನನಗೆ ತಿಳಿದದ್ದೇ ಆವತ್ತು. ಭಾವನ ಮುಖ ಬಿಳಿಚಿಕೊಂಡಿತು. ಇಷ್ಟು ಎಚ್ಚರವಾಗಿದ್ದ ದಿನವೇ ಅವರ ಮಾತನ್ನು ನಂಬುವವರಿಲ್ಲ! ನಾನು ಕಾರಿಗೆ ಓಡಿಹೋಗಿ ಆ ಸಿ.ಡಿ.ಯನ್ನು ತೆಗೆದು ದೀಪಕ್ಕೆ ಹಿಡಿದೆ. ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಪಕ್ಕದಲ್ಲೇ, ಅಕ್ಕನ ಕುಂಕುಮ ಹಣೆಬೊಟ್ಟಿನಂತೆ ಕೂತಿತ್ತು. ಅಲ್ಲಿಗೆ ಬಂದಾಗಲೆಲ್ಲ ಯಂತ್ರ ಎಡವಿ ಬೇ ಬೇ ಬೇ ಎನ್ನುತ್ತಿತ್ತು. ಅದನ್ನು ಫೋನಿಗೆ ಹಿಡಿದು ಕೇಳಿಸಿದೆವು. ಪುಟ್ಟಿ ಮೂಗೊರೆಸಿಕೊಂಡು ಪೂರ್ತಿ ಕೇಳಿದಳು. ನಿದ್ದೆ ಮಾಡಿದವನಿಗೆ ಕುಂಕುಮದ ಸದ್ದು ಗೊತ್ತಾಗುವುದಿಲ್ಲವಲ್ಲ, ಆದ್ದರಿಂದ ಅಪ್ಪ ಪಾಸು ಎಂದಳು. ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು. ಭಾವ ಮಾತ್ರ ಆ ಕುಂಕುಮವನ್ನು ಒರೆಸಲು ಸುತರಾಂ ಒಪ್ಪಲಿಲ್ಲ. ಹಾಡಿದವನಿಗೇ ಹೊಳೆಯದ ಸಂಗತಿ ಅದು ಎಂದರು!

ಹೀಗೆ ಚಳಿಗಾಲ ಕಳೆಯಿತು. ಹಿಮ ಬಿದ್ದ ಭಾನುವಾರಗಳಲ್ಲಿ ನಾನು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದೆ. ದೂರದಿಂದ ಧಿಮ್ ಧಿಮ್ ಕೇಳಿದರೆ ಸಾಕು, ಬಂದರು ಎಂದು ಕಾಫಿಗೆ ಇಡುತ್ತಿದ್ದೆ. ಯಾವ ಸಂಗೀತವನ್ನೂ ನಾನು ಅಷ್ಟು ಆಸೆಯಿಂದ ಕಾದದ್ದಿಲ್ಲ.

ವಸಂತ ಬರುವ ಹೊತ್ತಿಗೆ ವಾರೆನ್‌ನ ಪಕ್ಕದಲ್ಲೇ ಟ್ರಕ್ಕಿನ ಸೀಟು ಮಾಡುವ ಒಂದು ಸಣ್ಣ ಕಂಪನಿಯಿಂದ ಭಾವನಿಗೆ ಕರೆ ಬಂತು. ಪರ್ಮನೆಂಟು! ಮನೆಯಿಂದ ಆಫೀಸಿಗೆ ಒಂದೂವರೆ ಹಾಡು ದೂರ ಎಂದರು ಭಾವ. ಆ ಗೆಳೆಯನಿಗೆ ಟೆನೆಸಿಗೆ ಫೋನ್ ಮಾಡಿದರೆ, ಅವನಿಗೂ ಅಲ್ಲೇ ಕೆಲಸ ಸಿಕ್ಕಿದೆಯಂತೆ, ಗಣಪತಿ ಮೇಜಿನ ಮೇಲಿದೆಯಂತೆ, ಉಪ್ಪಿನಕಾಯಿ ಮುಗಿದಿದೆಯಂತೆ. ಅಕ್ಕ ಮರುದಿನವೇ ಒಂದು ಭರ್ತಿ ಬಾಟಲಿ ಕಳಿಸಿದಳು.

ಕೊನೆಯ ಶುಕ್ರವಾರ ನಾನೂ ನಮ್ಮವರೂ ಬೇರೆ ಕಾರಿನಲ್ಲಿ ಅವರ ಸಾಮಾನು ಹೇರಿಕೊಂಡು ಹಿಂದೆ ಹಿಂದೆ ಹೋದೆವು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಮುಂದಿನ ಕಾರಿನಲ್ಲಿ ಒಂದು ಕೈ ಏಳುವುದು, ಬೀಳುವುದು, ಮಗುಚುವುದು ಕಾಣುತ್ತಿತ್ತು. ಮನೆ ತಲುಪಿದಾಗ ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಎಂದಿನಂತೆ ಪ್ರಶ್ನೆ ಕೇಳಿದಳು. ಭಾವ ಎಂದಿನಂತೆ ಉತ್ತರಿಸಿದರು. "ಓಕೆ," ಎಂದು ಒಳಗೆ ಹೋದಳು. ಅಷ್ಟೇ.

ಡಬ್ಬದಲ್ಲಿ ಒಂದೇ ಒಂದು ಆಲ್ಬಮ್ ಉಳಿದಿತ್ತು. ಅದನ್ನು ಭಾನುವಾರ ಊಟವಾದ ಮೇಲೆ ಎಲ್ಲರೂ ಕೂತು ಕೇಳಿ ಮಂಗಳ ಮಾಡಬೇಕೆಂದು ಭಾವನ ಅಪ್ಪಣೆ. ಅಕ್ಕ ಒಂದು ವರ್ಷದ ಮೇಲೆ ಧೈರ್ಯವಾಗಿ ಬಿಸಿಬೇಳೆ ಬಾತು ಮಾಡಿದಳು, ಒಬ್ಬಟ್ಟನ್ನೂ ಮಾಡಿದಳು. ಪ್ರತಿ ವಾರ ಭಾವ ಕಾರಿನ ಕೀಲಿ ಹುಡುಕುತ್ತಿದ್ದ ಹೊತ್ತು ಅದು. ಆವತ್ತು ಅವರು ಸೋಫಾದ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಕೈ ಇಟ್ಟುಕೊಂಡು, "ಹಾಕು ಪುಟ್ಟಿ" ಎಂದರು.

ಮೊದಲ ಹಾಡಿಗೆ ತಾಳ ಜೋರಾಗಿಯೇ ಇತ್ತು. ಎರಡನೆಯದಕ್ಕೆ ಬೆರಳು ನಿಧಾನವಾದವು. ಮೂರನೆಯದು ಶುರುವಾಗುವುದರೊಳಗೆ ಬಾಯಿ ತೆರೆದು, ತಲೆ ವಾಲಿಸಿ, ನಮ್ಮ ಭಾವ ನಿದ್ದೆಹೋಗಿದ್ದರು. ಧಿಮ್ ಧಿಮ್ ಎಂದು ಗೋಡೆ ನಡುಗುತ್ತಿದೆ, ಇವರಿಗೆ ಗೊರಕೆ!

ನನ್ನ ಗಂಡ ನಗುತ್ತಾ ಎದ್ದು ಆರಿಸಲು ಹೋದರು. "ಬೇಡ್ರೀ, ನಿಲ್ಸಿದ್ರೆ ಎದ್ದುಬಿಡ್ತಾರೆ," ಎಂದಳು ಅಕ್ಕ. ಸರಿ, ಪಾರಾಯಣವನ್ನು ಅರ್ಧಕ್ಕೆ ಬಿಡಬಾರದಲ್ಲ, ನಾವೇ ಕೂತು ಕೇಳಿದೆವು. 

ಪುಟ್ಟಿ ಕಾರ್ಪೆಟ್ಟಿನ ಮೇಲೆ ಅಪ್ಪನ ಕಾಲ ಬಳಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅವಳ ತುಟಿ ಪ್ರತಿ ಪದಕ್ಕೂ ಅಲುಗುತ್ತಿತ್ತು. ಪ್ರಶ್ನೆ ತೆಗೆಯಲು ಈ ಕೊನೆಯದನ್ನೂ ಮೊದಲೇ ಕೇಳಿಟ್ಟಿದ್ದಳೋ ಏನೋ, ಎಲ್ಲಿ ಚಪ್ಪಾಳೆ, ಎಲ್ಲಿ ಕಹಳೆ, ಎಲ್ಲ ಅವಳಿಗೆ ಗೊತ್ತು.

"ನಿಂಗೂ ಈ ಮ್ಯೂಸಿಕ್ ಇಷ್ಟು ಇಷ್ಟವೇನೇ?" ಎಂದೆ.

"ಐ ಹೇಟ್ ಇಟ್, ಚಿಕ್ಕಮ್ಮ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ದನಿ ತಗ್ಗಿಸಿ ಹೇಳಿದಳು. "ಅವ್ರು ಕಾರು ತೆಗೆದ ತಕ್ಷಣ ಇವಳು ಇಲ್ಲಿ ಅದನ್ನೇ ಹಾಕ್ಕೊಂಡು ಕೂತ್ಕೋತಾಳೆ ಕಣೆ. ಫೋನ್ ತೊಡೆ ಮೇಲೆ. ಮುಗಿದ್ರೆ ಮತ್ತೆ ಮೊದಲಿಂದ. ಅವ್ರು ಫೋನ್ ಮಾಡೋ ತನಕ ಏಳಲ್ಲ. ಅಪ್ಪ ಈಗ ಇದನ್ನೇ ಕೇಳ್ತಿರ್ತಾರೆ ಅಂತಾಳೆ. ಒಂದು ವಾರಾನೂ ತಪ್ಪಿಸಿಲ್ಲ."

 ಹಲೋ ಕೂಡ ಹೇಳದ ಹುಡುಗಿ ಎಂದು ನಾನು ಬೈದುಕೊಂಡಿದ್ದೆನಲ್ಲ! ಮುನ್ನೂರು ಮೈಲಿಯೂ ಅವಳು ಅಪ್ಪನ ಪಕ್ಕದ ಸೀಟಿನಲ್ಲೇ ಕೂತು ಬಂದಿದ್ದಳು.

ಆಲ್ಬಮ್ ಮುಗಿಯಿತು. ಮನೆಯೆಲ್ಲ ನಿಶ್ಶಬ್ದವಾಯಿತು. ಭಾವ ಬೆಚ್ಚಿಬಿದ್ದು ಕಣ್ಣು ಬಿಟ್ಟರು. ಬಲಗಾಲು ಕಾರ್ಪೆಟ್ಟನ್ನು ಬ್ರೇಕ್ ಎಂದುಕೊಂಡು ಗಟ್ಟಿಯಾಗಿ ಒತ್ತಿತು, ಎರಡು ಕೈಯೂ ಇಲ್ಲದ ಸ್ಟಿಯರಿಂಗಿಗೆ ಹೋದವು.

"ಎಲ್ಲಿದೀವಿ? ಎಲ್ಲಿದೀವಿ?"

ಪುಟ್ಟಿ ಅವರ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಮನೇಲಿದೀವಿ ಅಪ್ಪಾ. ಮಲ್ಕೋ."

ಅವಳ ಬಾಯಿಂದ ಕನ್ನಡ ಬಂದದ್ದು ಭಾವನ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಕಾಲು ಸಡಿಲವಾಯಿತು, ಕಣ್ಣು ಮುಚ್ಚಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಟ್ಟಿ ಸದ್ದಾಗದಂತೆ ಎದ್ದು ಹೋಗಿ, ಆ ಆಲ್ಬಮ್ಮನ್ನು ಮತ್ತೆ ಮೊದಲಿನಿಂದ ಹಾಕಿದಳು.